ಕೊನೆಯ ಶೆಡ್ಡಿನ ಗಾಡಿ

"ಏಯ್! ನಿಲ್ಸಿ! ಆ ಗಾಡಿ ಒಳಿಕ್ಕೆ ತರ್ಬೇಡಿ!"

ತಾನು ಕೂಗಿದ ರಭಸಕ್ಕೆ ಶ್ಯಾಮಲಳಿಗೇ ಗಾಬರಿಯಾಯಿತು.

ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯ ಪಕ್ಕ ಅವಳ ವಾಟರ್ ವಾಶ್. ಸಾಲಾಗಿ ಮೂರು ಶೆಡ್. ಟೋಕನ್ ಹಾಕಿದರೆ ಪೈಪಿನಲ್ಲಿ ನೀರು, ಇನ್ನೊಂದು ಹಾಕಿದರೆ ನೊರೆ. ಅವರವರ ಗಾಡಿ ಅವರವರೇ ತೊಳೆದುಕೊಳ್ಳಬೇಕು. ಗಾಳಿ ಎದ್ದರೆ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಬಿಳಿ ಧೂಳು ಊರಿನ ಗಾಡಿಗಳ ಮೇಲೆಲ್ಲ ಕೂರುತ್ತಿದ್ದರಿಂದ ಗಿರಾಕಿಗಳಿಗೇನೂ ಕೊರತೆಯಿರಲಿಲ್ಲ.

ಅವತ್ತು ಮೊದಲ ಶೆಡ್ಡಿನಲ್ಲಿ ಹೊಸ ಕಾರಿಗೆ ಹೂವಿನ ಹಾರ ಹಾಕಿಕೊಂಡು ಒಂದು ಕುಟುಂಬ ನಿಂತಿತ್ತು. ಅದೇ ಹೊತ್ತಿಗೆ ಒಳಗೆ ಬಂದದ್ದು ಹೆಣ ಸಾಗಿಸುವ ವ್ಯಾನು!

ಅದರ ಡ್ರೈವರ್ ಕೆಳಗಿಳಿಯಲೂ ಇಲ್ಲ. "ಸರಿ ಮೇಡಂ" ಎಂದಷ್ಟೇ ಹೇಳಿ ರಿವರ್ಸ್ ತೆಗೆದುಕೊಂಡ.

ಜಗಳವಾಡಿದ್ದರೆ ಅವಳೂ ನಾಲ್ಕು ಮಾತು ಆಡಿ ಮರೆತುಬಿಡುತ್ತಿದ್ದಳು. ಆದರೆ ಆ "ಸರಿ"ಯಲ್ಲಿ ಎಷ್ಟು ಅಭ್ಯಾಸವಿತ್ತೆಂದರೆ ಅವಳ ಎದೆ ಚುರ್ ಎಂದಿತು.

ಆ ಅಭ್ಯಾಸ ಅವಳಿಗೂ ಇತ್ತು. ಮದುವೆಯಾದ ಎರಡನೇ ವರ್ಷ ಗಂಡ ಸುಧಾಕರ್ ಜ್ವರದಲ್ಲಿ ತೀರಿಹೋಗಿದ್ದ. ತವರಿಗೆ ಬಂದು ಅಪ್ಪನ ಜಾಗದಲ್ಲಿ ಈ ವಾಟರ್ ವಾಶ್ ಶುರು ಮಾಡಿದ್ದಳು. ಹೊಸ ಕಾರಿನವರು ಅವಳ ಕೈಯಿಂದ ಟೋಕನ್ ತೆಗೆದುಕೊಳ್ಳುತ್ತಿರಲಿಲ್ಲ. "ಅಪ್ಪ ಇಲ್ವೇನಮ್ಮ?" ಎಂದು ಕೇಳುತ್ತಿದ್ದರು. ಅವಳೂ "ಸರಿ" ಎಂದು ಪಕ್ಕಕ್ಕೆ ಸರಿಯುತ್ತಿದ್ದಳು.

ರಸ್ತೆಯವರೆಗೂ ಓಡಿ ವ್ಯಾನಿನ ಕಿಟಕಿ ತಟ್ಟಿದಳು.

"ರೀ... ಸಂಜೆ ಬನ್ನಿ. ಜನ ಎಲ್ಲ ಖಾಲಿಯಾದ್ಮೇಲೆ. ಕೊನೇ ಶೆಡ್ ನಿಮ್ಗೆ."

ಅವನು ಮೊದಲ ಸಲ ಅವಳ ಮುಖ ನೋಡಿದ. "ಬತ್ತೀನಿ ಮೇಡಂ" ಎಂದ.

ಅವನ ಹೆಸರು ವಿಜಯಕುಮಾರ್. ಊರಿಗಾಂನಲ್ಲಿ ಗಣಿ ಕಾರ್ಮಿಕರಿಗೆ ಕಟ್ಟಿದ್ದ ಲೈನ್ ಮನೆಯವನು. ಗಣಿ ಮುಚ್ಚಿದ ಮೇಲೂ ಅಲ್ಲೇ ಉಳಿದುಕೊಂಡ ತಮಿಳು ಮನೆತನ. ಯಾರೋ ಪುಣ್ಯಾತ್ಮರು ಸೇರಿ ಕೊಡಿಸಿದ್ದ ವ್ಯಾನಿಗೆ ಅವನೇ ಡ್ರೈವರ್. ಅಂದಿನಿಂದ ಸಂಜೆ ಹೊತ್ತಿಗೆ ಬರತೊಡಗಿದ. ತನ್ನ ಪಾಡಿಗೆ ತೊಳೆಯುತ್ತಿದ್ದ, ಹೋಗುತ್ತಿದ್ದ. ದಿನ ಕಳೆದಂತೆ ಶ್ಯಾಮಲ ಎರಡು ಲೋಟ ಕಾಫಿ ಮಾಡತೊಡಗಿದಳು. ಒಂದನ್ನು ಶೆಡ್ಡಿನ ಕಟ್ಟೆಯ ಮೇಲಿಟ್ಟು ತಾನು ದೂರ ನಿಲ್ಲುತ್ತಿದ್ದಳು. ಅವನು ಗಾಡಿ ತೊಳೆದು, ಕೈಕಾಲು ಮುಖ ತೊಳೆದು, ಅದನ್ನು ಕುಡಿಯುವಷ್ಟರಲ್ಲಿ ಕಾಫಿ ತಣ್ಣಗಾಗಿರುತ್ತಿತ್ತು. ಆದರೂ "ಚೆನ್ನಾಗಿದೆ ಮೇಡಂ" ಎನ್ನುತ್ತಿದ್ದ. ಸುಳ್ಳುಗಾರ!

ಅವಳ ಅಪ್ಪ ಚಿಕ್ಕಮುನಿಯಪ್ಪನಿಗೆ ಮಾತ್ರ ಇದು ಸರಿ ಕಾಣಲಿಲ್ಲ.

"ಎಣದ ಗಾಡಿ ದಿನಾ ನಮ್ ಜಾಗಕ್ಕೆ ಬಂದ್ರೆ ಎಂಗಮ್ಮ? ನಾಳೆ ಜನ ಏನಂತಾರೆ?"

"ಜನ ನನ್ನೂ ಅಂಗೇ ಅಂತಾರಲ್ಲಪ್ಪ. ನನ್ನೂ ಓಡಿಸ್ತೀಯಾ?"

ಮುದುಕ ಹಸು ಕಟ್ಟಲು ಹೋದ.

ಒಂದು ಸಂಜೆ ವಿಜಯಕುಮಾರ್ ಬಹಳ ಹೊತ್ತು ಶೆಡ್ಡಿನಿಂದ ಹೊರಗೆ ಬರಲಿಲ್ಲ. ಶ್ಯಾಮಲ ಹೋಗಿ ಇಣುಕಿದಳು. ಪೈಪಿನಲ್ಲಿ ನೀರು ಸುಮ್ಮನೆ ಹರಿಯುತ್ತಿತ್ತು. ಅವನು ಚಕ್ರಕ್ಕೆ ಒರಗಿ ನೆಲದ ಮೇಲೆ ಕುಳಿತಿದ್ದ. ಸೋಪಿನ ನೀರಿಗೆ ಕೈಯೆಲ್ಲ ಬಿರುಕು ಬಿಟ್ಟಿತ್ತು.

"ಏನಾಯ್ತ್ರೀ?"

"ಚಿಕ್ಕ ಮಗು ಮೇಡಂ... ಸ್ಟ್ರೆಚರ್ ಬೇಕಾಗಿರ್ಲಿಲ್ಲ. ಅವರಪ್ಪ ಮಡಿಲಲ್ಲೇ ಇಟ್ಕೊಂಡು ಬಂದ್ರು."

ಅವಳಿಗೆ ಹತ್ತಿರ ಹೋಗಿ ಆ ಕೈ ಹಿಡಿದುಕೊಳ್ಳಬೇಕು ಅನಿಸಿತು. ಹಿಡಿಯಲಿಲ್ಲ. ವಿಧವೆ, ಮೇಲಾಗಿ ಒಕ್ಕಲು ಮನೆಯ ಹೆಣ್ಣು. ಹೊಸಿಲು ದಾಟುವುದಕ್ಕೇ ನೂರು ಕಣ್ಣುಗಳ ಅಪ್ಪಣೆ ಬೇಕು.

'ನಾನು ಈ ಮನುಷ್ಯನ್ನ ಪ್ರೀತಿಸ್ತಿದೀನಿ...' ಅಂದು ರಾತ್ರಿ ಅವಳು ತನಗೆ ತಾನೇ ಒಪ್ಪಿಕೊಂಡಳು. ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಯಿತು.

ಬಾಯಿ ಬಿಟ್ಟು ಹೇಳಲಾಗದವರು ಏನಾದರೊಂದು ಮಾಡಿ ತೋರಿಸುತ್ತಾರೆ. ನಮ್ಮ ಶ್ಯಾಮಲ ಮಾಡಿದ್ದು ಆಟೋಮ್ಯಾಟಿಕ್ ವಾಶ್ ಹಾಕಿಸುವ ಏರ್ಪಾಡು! ಗಾಡಿ ನಿಲ್ಲಿಸಿದರೆ ಸಾಕು, ನೀರು, ನೊರೆ, ದೊಡ್ಡ ಬ್ರಶ್ಶುಗಳು, ಎಲ್ಲ ತಾನಾಗಿ ನಡೆಯುವ ಯಂತ್ರ. ಅವನು ಅಷ್ಟು ಹೊತ್ತು ಪಕ್ಕದ ಬೆಂಚಿನ ಮೇಲೆ ಕುಳಿತು ಬಿಸಿ ಕಾಫಿ ಕುಡಿಯಬಹುದು. ತಾನೂ ಜೊತೆಗೆ ಕೂರಬಹುದು. ಅಷ್ಟೇ ಅವಳ ಆಸೆ.

ಕಂಪನಿಯವರು ಕಾರಿನಳತೆಯ ಯಂತ್ರ ಸಾಕೆಂದರು. ಎತ್ತರದ್ದೇ ಬೇಕೆಂದು ಇವಳು ಹಟ ಹಿಡಿದಳು.

"ಕಾರಿಗೆ ಇಷ್ಟೆತ್ರ ಯಾಕಮ್ಮ?" ಅಪ್ಪ ಕೇಳಿದ.

"ಟೆಂಪೋ ಟ್ರಾವೆಲರ್‌ಗಳೂ ಬತ್ತಾವಲ್ಲಪ್ಪ..." ಎಂದು ಮುಖ ತಿರುಗಿಸಿಕೊಂಡಳು.

ವಿಜಯಕುಮಾರನಿಗೆ ಒಂದು ಮಾತೂ ತಿಳಿಸಲಿಲ್ಲ. ಎಲ್ಲ ಮುಗಿದ ಮೇಲೆ ತೋರಿಸಿ ಅವನ ಮುಖ ನೋಡಬೇಕಿತ್ತು ಅವಳಿಗೆ. ತಪ್ಪಾದದ್ದೇ ಅಲ್ಲಿ.

ಯಂತ್ರ ನೋಡಲು ಅವಳು ಬೆಂಗಳೂರಿಗೆ ಹೋಗಿದ್ದ ದಿನ ಕೆಲಸದವರು ಕೊನೆಯ ಶೆಡ್ಡಿನ ನೆಲ ಅಗೆದರು. ಸಂಜೆ ವಿಜಯಕುಮಾರ್ ಬಂದ. ತನಗೆಂದು ಬಿಟ್ಟುಕೊಟ್ಟಿದ್ದ ಒಂದೇ ಒಂದು ಜಾಗ ಗುಂಡಿಯಾಗಿತ್ತು. ಉಳಿದೆರಡು ಶೆಡ್ ಖಾಲಿ ಇದ್ದರೂ ಅವನು ಅತ್ತ ತಿರುಗಲಿಲ್ಲ. ಯಾರೂ ಅವನನ್ನು ತಡೆಯಲಿಲ್ಲ, ಯಾರೂ ಕರೆಯಲೂ ಇಲ್ಲ. ವ್ಯಾನು ಬಂದ ದಾರಿಯಲ್ಲೇ ಹಿಂದಿರುಗಿತು.

ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಯಂತ್ರ ಬಂತು, ಪೂಜೆಯಾಯಿತು, ಕಾರುಗಳು ಸಾಲುಗಟ್ಟಿದವು. ಅಪ್ಪ ಹಿಗ್ಗಿದ. ಶ್ಯಾಮಲಳಿಗೆ ಮಾತ್ರ ಆ ಬ್ರಶ್ಶುಗಳ ಸದ್ದು ಕೇಳಿದರೆ ಅಳು ಬರುತ್ತಿತ್ತು.

ಫೋನ್ ಮಾಡೋಣವೆಂದರೆ ಅವನ ಸ್ವಂತ ನಂಬರ್ ಇವಳ ಬಳಿ ಇರಲಿಲ್ಲ. ಇದ್ದದ್ದು ವ್ಯಾನಿನ ಮೇಲೆ ಬರೆದಿದ್ದ ನಂಬರ್. ಅದು ಊರಿಗೆಲ್ಲ ಗೊತ್ತು. ಆದರೆ ಮನೆಯಲ್ಲಿ ಸಾವಾಗದೆ ಆ ನಂಬರಿಗೆ ಯಾರೂ ಫೋನ್ ಮಾಡುವುದಿಲ್ಲ.

ಮನಸ್ಸು ಗಟ್ಟಿ ಮಾಡಿಕೊಂಡು ಒತ್ತಿದಳು.

"ಹೇಳಿ..." ಅವನದೇ ದನಿ! "ಯಾರು ತೀರ್ಕೊಂಡಿದ್ದು? ಎಲ್ಲಿಗೆ ಬರ್ಬೇಕು?"

"ಯಾರೂ ಇಲ್ಲ... ನಾನು... ಶ್ಯಾಮಲ."

"ಹಂಗಾದ್ರೆ ಲೈನ್ ಬಿಡಿ ಮೇಡಂ. ಯಾರೋ ಪಾಪ ಟ್ರೈ ಮಾಡ್ತಿರ್ತಾರೆ."

ಕಟ್ ಆಯಿತು. ಅವಳು ಫೋನ್ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದು ಸ್ಕೂಟಿ ತೆಗೆದಳು.

ಊರಿಗಾಂ ಲೈನ್ ಮನೆಗಳ ಹಿಂದೆ, ನಗರಸಭೆಯ ನಲ್ಲಿಯ ಪಕ್ಕ ವ್ಯಾನು ನಿಂತಿತ್ತು. ಬಕೆಟ್ಟಿನಲ್ಲಿ ನೀರು ಹಿಡಿದು, ಚೊಂಬಿನಲ್ಲಿ ಎರಚಿ ಎರಚಿ ಅವನು ತೊಳೆಯುತ್ತಿದ್ದ. ಬಿಂದಿಗೆ ಹಿಡಿದ ಹೆಂಗಸರು ದೂರದಲ್ಲಿ ಗೊಣಗುತ್ತಿದ್ದರು. ಅವನ ತಾಯಿ ಸೆಲ್ವಿ ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದಳು.

"ಯಾಕ್ರೀ ಬರ್ಲಿಲ್ಲ?" ಶ್ಯಾಮಲ ನೇರವಾಗಿ ಕೇಳಿದಳು.

"ಜಾಗ ಇಲ್ವಲ್ಲ ಮೇಡಂ. ನಿಮ್ ಯಾಪಾರ ದೊಡ್ದಾಯ್ತು. ಖುಷಿ. ಬಾಯಲ್ಲಿ ಒಂದ್ಮಾತು ಹೇಳಿದ್ರೆ ನಾನೇ ಬಿಡ್ತಿದ್ನಲ್ಲ, ಅಗೆಸ್ಬೇಕಿತ್ತಾ?"

"ನಿಮ್ಮನ್ನ ಓಡಿಸೋಕೆ ಅಗೆಸಿದ್ದು ಅನ್ಕೊಂಡ್ರಾ? ಆ ಮೆಷಿನ್ ಹಾಕ್ಸಿದ್ದೇ ನಿಮ್ ಗಾಡಿಗೆ ಕಣ್ರೀ! ಇದರ ಎತ್ತರಕ್ಕೆ ಅಂತಲೇ ದೊಡ್ಡದು ತರ್ಸಿದ್ದು! ನಿಮ್ ಕೈ ನೋಡೋಕೆ ಆಗ್ತಿರ್ಲಿಲ್ಲ ನನ್ಗೆ... ಮೆಷಿನ್ ತೊಳೀಲಿ, ನೀವು ನನ್ ಪಕ್ಕ ಕೂತಿರಿ ಅಂತ..."

ಅವನ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. ಕಣ್ಣು ತುಂಬಿತು. ಆದರೂ ತಲೆ ಅಲ್ಲಾಡಿಸಿದ.

"ಈ ಗಾಡೀನ ಮೆಷಿನ್‌ಗೆ ಬಿಡಕ್ಕಾಗಲ್ಲ ಮೇಡಂ."

"ಯಾಕೆ?"

"ನಮ್ಮಪ್ಪ ಕೋಲಾರದಲ್ಲಿ ಸತ್ತಾಗ ಯಾವ್ ಗಾಡಿನೂ ಸಿಗ್ಲಿಲ್ಲ. ಟೊಮೆಟೊ ಟೆಂಪೋದಲ್ಲಿ, ಕ್ರೇಟ್‌ಗಳ ಮಧ್ಯ ಇಟ್ಕೊಂಡ್ ಬಂದೆ. ಟೆಂಪೋದವನು ಮತ್ತೆ ಲೋಡಿಗೆ ಓಗ್ಬೇಕಂತಿದ್ದ. ಸ್ವಲ್ಪ ಇರಣ್ಣ ಅಂತ ನಾನೇ ಕೈಯಾರೆ ಟೆಂಪೋ ತೊಳ್ದೆ. ಅಪ್ಪನಿಗೆ ನಾನ್ ಮಾಡಿದ್ದು ಅದೊಂದೇ ಅನ್ಸುತ್ತೆ ಈಗ್ಲೂ... ಇದರಲ್ಲಿ ಬರೋರಲ್ಲಿ ಎಷ್ಟೋ ಜನಕ್ಕೆ ಅಳೋರೇ ಇರಲ್ಲ. ನನ್ ಕೈಯಿಂದ ಒಂದು ಚೊಂಬು ನೀರಾದ್ರೂ ಬೀಳ್ಲಿ ಅಂತ."

ಶ್ಯಾಮಲ ಯಾವುದನ್ನು ಅವನ ಹೆಗಲಿನಿಂದ ಇಳಿಸಬೇಕೆಂದು ಅಷ್ಟೆಲ್ಲ ಮಾಡಿದಳೋ, ಅದನ್ನೇ ಅವನು ಪ್ರೀತಿಯಿಂದ ಹೊತ್ತುಕೊಂಡಿದ್ದ. ಇಷ್ಟು ದಿನ ದೂರದಲ್ಲಿ ನಿಂತು ನೋಡಿದ್ದಳೇ ಹೊರತು ಒಮ್ಮೆಯೂ ಕೇಳಿರಲಿಲ್ಲ.

ಅವಳು ಸೆರಗು ಸಿಕ್ಕಿಸಿಕೊಂಡಳು. ಅವನ ಕೈಯಿಂದ ಚೊಂಬು ತೆಗೆದುಕೊಂಡಳು.

"ಬೇಡಮ್ಮ!" ಸೆಲ್ವಿ ಬಾಗಿಲಿಂದ ಕೂಗಿದಳು. "ನಿಮ್ ಮನೇಲಿ ಗೊತ್ತಾದ್ರೆ..."

"ಗೊತ್ತಾಗ್ಲಿ ಬಿಡಿ ಅಮ್ಮ." ಅವಳು ಅವನ ಕಡೆ ತಿರುಗಿದಳು. "ಇವತ್ತು ಯಾರು?"

"ಆಂಡರ್ಸನ್‌ಪೇಟೆ ಅಜ್ಜಿ. ರಾಧ ಅಂತೆ. ಬಾಡಿಗೆ ಮನೆ ಓನರ್ರೇ ಫೋನ್ ಮಾಡಿದ್ದು. ಯಾರೂ ಬರ್ಲಿಲ್ಲ."

ಶ್ಯಾಮಲ ವ್ಯಾನಿನ ಹಿಂಬಾಗಿಲಿಗೆ ನೀರು ಹಾಕಿದಳು. "ಓಗ್ಬಾ ರಾಧಜ್ಜಿ" ಎಂದಳು ಮೆಲ್ಲಗೆ. ಗಂಡ ಹೋದ ದಿನ ಇವಳನ್ನು ಮೂಲೆಯಲ್ಲಿ ಕೂರಿಸಿದ್ದರು, ಯಾವುದಕ್ಕೂ ಕೈ ಹಾಕಲು ಬಿಟ್ಟಿರಲಿಲ್ಲ. ಅಂದು ಉಳಿದುಹೋದ ಅಳು ಈಗ ಬಂತು. ಅವನು ತಡೆಯಲಿಲ್ಲ. ಅವಳ ಪಕ್ಕದಲ್ಲೇ ನಿಂತು ಬ್ರಶ್ ಉಜ್ಜಿದ. ಇಬ್ಬರ ಕೈಗಳು ಒಂದೇ ಬಕೆಟ್ಟಿನಲ್ಲಿ ತಾಗಿದಾಗ ಯಾರೂ ಹಿಂದೆ ಸರಿಯಲಿಲ್ಲ.

"ಶ್ಯಾಮಲ..." ಮೊದಲ ಸಲ ಹೆಸರು ಹಿಡಿದು ಕರೆದ. "ನನ್ ಜೊತೆ ಬಂದ್ರೆ ಇದೇ ಬದುಕು. ಮದುವೆ ಮನೆಗೆ ಯಾರೂ ಕರೆಯಲ್ಲ ನಮ್ಮನ್ನ."

"ಈಗ್ಲೂ ಕರೆಯಲ್ಲ ಬಿಡಿ ನನ್ನ."

ಅವನ ತುಟಿಯಲ್ಲಿ ಸಣ್ಣ ನಗು ಸುಳಿಯಿತು.

"ನಾಳೆ ಸಂಜೆ ಬರ್ಲಾ? ಜನ ಎಲ್ಲ ಖಾಲಿಯಾದ್ಮೇಲೆ?"

"ಬೇಡ. ಬೆಳಗ್ಗೆ ಬನ್ನಿ. ನಮ್ಮಪ್ಪ ಇರ್ತಾರೆ, ಗಿರಾಕಿಗಳೂ ಇರ್ತಾರೆ. ಎಲ್ರ ಮುಂದೆ ಕೇಳಿ ನನ್ನ."

"ಗಾಡಿ ಎಲ್ಲಿ ಬಿಟ್ಟು ಬರ್ಲಿ?"

ಶ್ಯಾಮಲ ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡಳು.

"ಗಾಡೀಲೇ ಬನ್ರೀ."