ಕೆಂಪುಕಲ್ಲಿನಡಿಯ ಶೇಡಿ

ಹೆಣವನ್ನು ಮೊದಲು ಕಂಡದ್ದು ಅಮ್ಮು. ಕಾಲನಿಯ ಹೆಂಗಸರ ಜೊತೆ ಬಟ್ಟೆ ಒಗೆಯಲು ಕೋರೆಗೆ ಬಂದಿದ್ದಳು. ಕೆಂಪುಕಲ್ಲು ಕಡಿದು ಬಿಟ್ಟ ಹೊಂಡದಲ್ಲಿ ಮಳೆನೀರು ತುಂಬಿತ್ತು. ಬೇರೆ ನೀರಿಲ್ಲದವರು ಅದನ್ನೇ ಬಳಸುತ್ತಿದ್ದರು. ಅಂಚಿನಲ್ಲಿ ನೀಲಿ ಬಟ್ಟೆಯೊಂದು ತೇಲುತ್ತಿತ್ತು. ಯಾರದೋ ಸೀರೆ ಜಾರಿ ಹೋಗಿದೆ ಎಂದುಕೊಂಡು ಕೋಲಿನಿಂದ ಎಳೆದಳು. ಬಟ್ಟೆಯ ಜೊತೆ ಒಂದು ಕೈಯೂ ಬಂತು.

ಎಸ್.ಐ. ವಸುಮತಿ ತಲುಪುವಾಗ ಮೀಂಜದ ಅರ್ಧ ಊರು ಪದವಿನ ಬೋಳು ಬಯಲಿನಲ್ಲಿ ನಿಂತಿತ್ತು. 2016ರ ನವೆಂಬರ್. ಬಿಸಿಲು ಏರಿತ್ತು. ಒಂದು ವಾರದಿಂದ ಆಕೆಗೆ ಸರಿಯಾದ ನಿದ್ದೆ ಇರಲಿಲ್ಲ. ಜೀಪಿನಿಂದ ಇಳಿಯಲು ಕೂಡ ಮನಸ್ಸು ಮಾಡಬೇಕಾಯಿತು.

“ಗುರುತು ಸಿಕ್ಕಿತಾ?” ಎಂದು ಕೇಳಿದಳು.

“ಸಿಕ್ಕಿತು ಮೇಡಂ,” ಎಂದ ಪೊಲೀಸ್ ಅಶ್ಕರ್. “ಡಾಕ್ಟರ್ ಅಫೀಫಾ. ಕುಂಬಳೆಯವರು. ಔಷಧಿಯ ಡಾಕ್ಟರ್ ಅಲ್ಲ. ದಿಲ್ಲಿಯಲ್ಲಿ ಪ್ರೊಫೆಸರ್. ಇಲ್ಲಿಯ ಕೋರೆಗಳ ಬಗ್ಗೆ ಸಂಶೋಧನೆ ಮಾಡ್ತಾ ಇದ್ರು.”

ಅಫೀಫಾಳ ಸ್ಕೂಟರ್ ಕೋರೆಯ ಬಾಯಿಯಲ್ಲಿ ನಿಂತಿತ್ತು. ಅದರ ಮೇಲೆ ಒಂದು ಜೊತೆ ಚಪ್ಪಲಿ. ವಸುಮತಿ ಬಗ್ಗಿ ಹೆಣದ ಪಾದಗಳನ್ನು ನೋಡಿದಳು. ಬರಿಗಾಲು. ಸುತ್ತಲೂ ಕಲ್ಲಿನ ಚೂಪು ಚೂರುಗಳು. ಈ ನೆಲದಲ್ಲಿ ಯಾರು ಚಪ್ಪಲಿ ಬಿಚ್ಚಿಟ್ಟು ನಡೆಯುತ್ತಾರೆ?

ಹಣೆಯ ಮೇಲೆ ಒಂದು ಗಾಯವಿತ್ತು. ಕಾಲುಗುರುಗಳ ಸಂದಿಯಲ್ಲಿ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು.

ಗುಂಪಿನಿಂದ ಒಬ್ಬರು ಮುಂದೆ ಬಂದರು. ಬಿಳಿ ಮುಂಡು, ಹೆಗಲಲ್ಲಿ ಜೋಳಿಗೆ. ಕೋರೆ ವಿರೋಧಿ ಹೋರಾಟ ಸಮಿತಿಯ ಮಹಾಲಿಂಗ ಮಾಸ್ಟ್ರು. ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಅವರನ್ನು ಅರಿಯದ ಗುಮಾಸ್ತರಿಲ್ಲ.

“ಇದನ್ನು ಯಾರು ಮಾಡಿದ್ದು ಅಂತ ನೀವು ಹುಡುಕ್ಬೇಕಾಗಿಲ್ಲ ಮೇಡಂ,” ಎಂದರು. “ಕೋರೆ ಯಾರದ್ದು ಅಂತ ಕೇಳಿ. ಸಾಕು.”

*

ಕೋರೆ ಫಸಲ್‌ನದು. ಠಾಣೆಯಲ್ಲಿ ಎದುರಿಗೆ ಕೂತವನ ಕಣ್ಣು ಕೆಂಪಾಗಿತ್ತು.

“ಹೋಟೆಲಿನಲ್ಲಿ ಅಫೀಫಾಳಿಗೆ ಬೆದರಿಕೆ ಹಾಕಿದ್ದೆಯಂತೆ. ಕೇಳಿದವರು ಇದ್ದಾರೆ,” ಎಂದಳು ವಸುಮತಿ.

“ಬೈದದ್ದು ಹೌದು. ನನ್ನ ಕಲ್ಲಿನಿಂದ ಕಡಲ ಬದಿಯಲ್ಲಿ ಬಂಗ್ಲೆ ಏಳ್ತದೆ, ಕಲ್ಲು ಕೊಟ್ಟ ಊರಿನಲ್ಲಿ ಕೊಡಪಾನ ಬರಿದಾಗ್ತದೆ ಅಂತ ಪೇಪರಿನಲ್ಲಿ ಬರೆದಿದ್ರು. ಅವರ ಅಪ್ಪ ಗಲ್ಫಿನಿಂದ ಬಂದು ಕಟ್ಟಿಸಿದ ಮನೆಗೂ ನನ್ನದೇ ಕಲ್ಲು. ಅದನ್ನೂ ಬರೀರಿ ಅಂದೆ.”

“ಅದಕ್ಕೆ ಅವಳು?”

“‘ಬರೆದಾಗಿದೆ, ನನ್ನ ಸಂಶೋಧನೆಯ ಮೊದಲ ಪುಟದಲ್ಲೇ ಉಂಟು’ ಅಂದ್ರು.” ಫಸಲ್ ತಲೆ ತಗ್ಗಿಸಿದ. “ಅಂಥವರ ಹತ್ತಿರ ಎಂತ ಜಗಳ ಮಾಡುದು?”

ಹಿಂದಿನ ದಿನ ಹಗಲೂ ರಾತ್ರಿಯೂ ಅವನು ಮಂಗಳೂರಿನ ಆಸ್ಪತ್ರೆಯಲ್ಲಿ ಹೆಂಡತಿಯ ಹೆರಿಗೆಗೆ ಕಾದಿದ್ದ. ನರ್ಸ್ ಹೌದೆಂದಳು. ಕ್ಯಾಮರಾದಲ್ಲೂ ಅವನ ಮುಖವಿತ್ತು. ಮಗು ಹುಟ್ಟಿದ ಸುದ್ದಿ ಹೇಳುವಾಗಲೂ ಅವನು ನಗಲಿಲ್ಲ.

ಆಳುಗಳಿಂದ ಮಾಡಿಸಿರಬಹುದೇ? ಕೋರ್ಟಿನ ತಡೆಯಾಜ್ಞೆ ಬಂದಂದಿನಿಂದ ಕೋರೆಯಲ್ಲಿ ಕೆಲಸವಿರಲಿಲ್ಲ. ಆಳುಗಳೆಲ್ಲ ಊರಿಗೆ ಹೋಗಿದ್ದರು.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಶವಪರೀಕ್ಷೆ ಮಾಡಿದ ವೈದ್ಯರು ಚುಟುಕಾಗಿ ಹೇಳಿದರು. “ಮುಳುಗಿಯೇ ಸತ್ತದ್ದು. ಆದ್ರೆ ಉಸಿರಿನ ನಾಳದಲ್ಲಿ ಇರುದು ಬಿಳಿ ಮಣ್ಣು. ಕೆಂಪಿನದ್ದು ಚೂರೂ ಇಲ್ಲ.”

ವಸುಮತಿ ಫೋನ್ ಇಟ್ಟು ಫಸಲ್‌ನತ್ತ ತಿರುಗಿದಳು. “ನಿನ್ನ ಹೊಂಡದಲ್ಲಿ ಬಿಳಿ ಮಣ್ಣು ಉಂಟಾ?”

“ಶೇಡಿಯಾ? ಇಲ್ಲ ಮೇಡಂ. ಅದು ಕಲ್ಲಿನ ಅಡಿಯಲ್ಲಿ ಇರುದು. ಅಷ್ಟು ಆಳಕ್ಕೆ ಹೋಗುವ ಮೊದಲೇ ಕೋರೆ ನಿಂತಿತಲ್ಲ.”

ಅಂದರೆ ಅಫೀಫಾ ಸತ್ತದ್ದು ಬೇರೆಲ್ಲೋ. ಅವಳನ್ನು ತಂದು ಕೋರೆಗೆ ಹಾಕಿದ್ದಾರೆ.

*

ಅಫೀಫಾಳ ತಂಗಿ ರಿಫಾನಾ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಅತ್ತು ಮುಗಿದಿತ್ತು.

“ಅಕ್ಕನ ಕನ್ನಡಕ ಎಲ್ಲಿ?” ಎಂದು ಕೇಳಿದಳು. “ಕನ್ನಡಕ ಇಲ್ಲದೆ ಅವಳಿಗೆ ಎದುರಿನ ಮುಖವೂ ಕಾಣುದಿಲ್ಲ.”

ಕನ್ನಡಕ ಸಿಕ್ಕಿರಲಿಲ್ಲ. ಕೋರೆಯ ನೀರನ್ನು ಪಂಪಿನಿಂದ ತೆಗೆಸಿದರು. ಅವಳ ಫೋನ್ ಸಿಕ್ಕಿತು, ನೀರು ಕುಡಿದು ಸತ್ತಿತ್ತು. ಕನ್ನಡಕ ಮಾತ್ರ ಇರಲಿಲ್ಲ.

ಮರುದಿನ ವಸುಮತಿ ಕಾಲನಿಗೆ ಹೋದಳು. ಗುಡ್ಡದ ಬುಡದಲ್ಲಿ ಹತ್ತಾರು ಹೆಂಚಿನ ಮನೆಗಳು. ಅಮ್ಮು ಬಾವಿಗಳನ್ನು ಒಂದೊಂದಾಗಿ ತೋರಿಸಿದಳು. ಮಳೆಗಾಲ ಮುಗಿದು ತಿಂಗಳಾಗಿರಲಿಲ್ಲ, ತಳದಲ್ಲಿ ಬರೀ ಕೆಸರು.

“ಕೋರೆ ಬಂದ ಮೇಲೆ ಹೀಗೆ. ಅಫೀಫಾ ಟೀಚರ್ ಎಲ್ಲ ಬಾವಿಯನ್ನೂ ಅಳೆದ್ರು. ಮೊನ್ನೆ ಮಧ್ಯಾಹ್ನ ಇಲ್ಲಿಯೇ ಗಂಜಿ ಉಂಡದ್ದು. ಇನ್ನು ಒಂದೇ ಜಾಗ ಬಾಕಿ ಉಂಟು ಅಂದ್ರು.”

“ಯಾವ ಜಾಗ?”

“ಅದು ಹೇಳ್ಲಿಲ್ಲ. ಗುಡ್ಡದ ಆಚೆ ಬದಿಗೆ ಸ್ಕೂಟರ್ ಬಿಟ್ರು.”

ಆಚೆ ಬದಿಯಲ್ಲಿ ಏನಿದೆ ಎಂದು ಅಶ್ಕರ್‌ನನ್ನು ಕೇಳಬೇಕಾಗಿರಲಿಲ್ಲ. ಆ ಜಾಗದ ಚಿತ್ರ ಪೇಪರುಗಳಲ್ಲಿ ಎಷ್ಟೋ ಸಲ ಬಂದಿತ್ತು. ಮಹಾಲಿಂಗ ಮಾಸ್ಟ್ರ ಸುರಂಗ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ತೋಡಿ ನೀರು ಬರಿಸಿಕೊಂಡ, ಬಿಲದಂಥ ಹಳೆಯ ಮಾಟೆ. ಫಸಲ್‌ನ ಕೋರೆಯಿಂದ ಅದು ಬತ್ತಿ ಹೋಯಿತೆಂಬುದೇ ಸುದ್ದಿ. ಕೋರ್ಟು ತಡೆ ಕೊಟ್ಟದ್ದೂ ಅದೇ ಆಧಾರದ ಮೇಲೆ.

ಸುರಂಗಕ್ಕೆ ನುಗ್ಗುವವರು ಚಪ್ಪಲಿ ಹೊರಗೆ ಬಿಡುತ್ತಾರೆ. ಒಳಗೆ ಕಾಲು ಜಾರುತ್ತದೆ.

ಆದರೆ ಬತ್ತಿದ ಸುರಂಗದಲ್ಲಿ ಯಾರೂ ಮುಳುಗಿ ಸಾಯುವುದಿಲ್ಲ. ವಸುಮತಿ ಜೀಪಿನಲ್ಲಿ ಕಣ್ಣು ಮುಚ್ಚಿ ಕೂತಳು. ಮುಂದಿನದು ಆಕೆಗೆ ಹೊಳೆದಿತ್ತು. ಹೊಳೆದದ್ದು ತಪ್ಪಾಗಲಿ ಎಂದೇ ಆಕೆ ಬಯಸಿದಳು.

*

ಮಾಸ್ಟ್ರು ಮನೆಯಲ್ಲಿರಲಿಲ್ಲ. ತಮ್ಮ ಜೀಪಿನಲ್ಲಿ ಅಫೀಫಾಳ ಸಂತಾಪ ಸಭೆಗೆ ಹೋಗಿದ್ದರು. ಅವರ ಹೆಂಡತಿ ಗಂಗಾ ಜಗಲಿಯಲ್ಲಿ ನಿಂತು, “ಅದರೊಳಗೆ ಎಂತ ಉಂಟು ಮೇಡಂ, ಬಾವಲಿ ಮಾತ್ರ,” ಎಂದಳು.

ಸುರಂಗದ ಬಾಯಿಯಲ್ಲಿ ಒಣ ಎಲೆಗಳು. ವಸುಮತಿಯೂ ಅಶ್ಕರ್‌ನೂ ಬೂಟು ಬಿಚ್ಚಿ, ಟಾರ್ಚು ಹಿಡಿದು, ಬಗ್ಗಿ ಒಳಗೆ ನಡೆದರು. ಮೊದಲು ಒಣ ನೆಲ. ಆಮೇಲೆ ಗೋಡೆ ಬೆಳ್ಳಗಾಯಿತು. ಗಾಳಿ ತಣ್ಣಗಾಯಿತು. ಎಲ್ಲಿಂದಲೋ ತೊಟ್ಟಿಕ್ಕುವ ಸದ್ದು ಬಂತು.

ತಿರುವಿನಲ್ಲಿ ಸೊಂಟದೆತ್ತರಕ್ಕೆ ಶೇಡಿಯ ಕಟ್ಟವಿತ್ತು. ಕೈಯಿಂದ ಮೆತ್ತಿ ಕಟ್ಟಿದ್ದು. ಅದರಾಚೆ ಟಾರ್ಚಿನ ಬೆಳಕು ನೀರಿನ ಮೇಲೆ ಆಡಿತು. ಪಕ್ಕದ ಗೋಡೆಯಲ್ಲಿ ನೀರನ್ನು ಬೇರೆ ಕಡೆಗೆ ಹರಿಸುವ ಹೊಸ ಕಂಡಿಯೊಂದಿತ್ತು.

“ನೀರು ಉಂಟಲ್ಲ ಮೇಡಂ!” ಅಶ್ಕರ್‌ನ ದನಿ ಗೋಡೆಗೆ ಬಡಿದು ತಿರುಗಿ ಬಂತು.

ವಸುಮತಿ ಕಟ್ಟ ದಾಟಿ ನೀರಿಗೆ ಕೈ ಹಾಕಿ ತಡಕಿದಳು. ಕೆಸರಿನಲ್ಲಿ ಏನೋ ಸಿಕ್ಕಿತು. ಮೇಲೆತ್ತಿದಳು. ಒಂದು ಕಾಲು ಮುರಿದ ಕನ್ನಡಕ.

*

ಮಾಸ್ಟ್ರು ಮರಳಿದಾಗ ಆ ಕನ್ನಡಕ ಜಗಲಿಯ ಮೇಜಿನ ಮೇಲಿತ್ತು. ಅವರು ಅದನ್ನು ನೋಡಿದರು. ಜೋಳಿಗೆ ಕೆಳಗಿಟ್ಟರು.

“ಕೋರೆಯ ನೀರು ಕೆಂಪು. ಅವಳ ಉಸಿರಿನಲ್ಲಿ ಇದ್ದದ್ದು ಶೇಡಿ,” ಎಂದಳು ವಸುಮತಿ. “ಬರಿಗಾಲು, ಉಗುರಿನಲ್ಲೂ ಶೇಡಿ. ಎಲ್ಲೋ ಸುರಂಗದೊಳಗೆ ಹೋಗಿದ್ದಳು ಅಂತಾಯ್ತು. ಗುಡ್ಡದ ಈ ಬದಿಯಲ್ಲಿ ಸುರಂಗ ಇರುದು ನಿಮ್ಮದೊಂದೇ. ಕೋರೆಯ ಹತ್ತಿರ ನಿಮ್ಮ ಜೀಪು ನಿಂತರೆ ಯಾರಿಗೂ ವಿಚಿತ್ರ ಅನಿಸುದಿಲ್ಲ. ಕೆಲಸ ಶುರುವಾಯ್ತಾ ಅಂತ ನೋಡ್ಲಿಕ್ಕೆ ನೀವು ದಿನಾ ಹೋಗ್ತೀರಿ. ಮುಸ್ಸಂಜೆಗೆ ಜೀಪಿನಲ್ಲಿ ಹೆಣ ಹೋಯ್ತು. ಆಮೇಲೆ ಸ್ಕೂಟರ್, ಚಪ್ಪಲಿ. ಹೌದಾ ಮಾಸ್ಟ್ರೇ?”

ಗಂಗಾ ಗಂಡನ ಮುಖವನ್ನೇ ನೋಡುತ್ತಿದ್ದಳು. “ಸುರಂಗದಲ್ಲಿ ನೀರು ಇತ್ತಾ?” ಎಂದಳು. ಅವಳಿಗೂ ಗೊತ್ತಿರಲಿಲ್ಲ.

ಮಾಸ್ಟ್ರು ಬೆಂಚಿನ ಮೇಲೆ ಕೂತರು. ಅವರ ದನಿ ತರಗತಿಯಲ್ಲಿ ಪಾಠ ಹೇಳುವಷ್ಟು ನಿಧಾನವಾಗಿತ್ತು.

“ಕಾಲನಿಯ ಬಾವಿಗಳು ಬತ್ತಿದ್ದು ಸುಳ್ಳಲ್ಲ ಮೇಡಂ. ವರ್ಷಗಟ್ಟಲೆ ಹೇಳಿದೆ. ಆಫೀಸಿನವರು ಫೈಲಿನಿಂದ ತಲೆ ಎತ್ತಲಿಲ್ಲ. ಒಳಗೆ ಕಟ್ಟ ಹಾಕಿ, ನೂರು ವರ್ಷದ ಸುರಂಗ ಬತ್ತಿತು ಅಂತ ಹೇಳಿದ ದಿನ ಕ್ಯಾಮರಾ ಬಂತು, ವಕೀಲರು ಬಂದ್ರು. ಕೋರ್ಟು ಕೇಳಿತು.”

“ಅಫೀಫಾ ಒಳಗೆ ಹೋಗಿ ನೋಡಿದಳು.”

“ತಡೆದೆ, ಕೇಳ್ಲಿಲ್ಲ. ಫೋಟೋ ತೆಗೀಲಿಕ್ಕೆ ಫೋನ್ ಎತ್ತಿದಳು. ಕಸಿಯಲು ಹೋದೆ, ದೂಡಿದೆ. ಹಣೆ ಗೋಡೆಗೆ ಬಡಿಯಿತು. ಮುಖ ಅಡಿಯಾಗಿ ನೀರಿಗೆ ಬಿದ್ದಳು.”

“ಬಿದ್ದವಳನ್ನು ಎತ್ತಲಿಲ್ಲವಾ?”

ಅವರು ತಮ್ಮ ಕೈಗಳನ್ನು ನೋಡಿಕೊಂಡರು. “ಇಲ್ಲ. ನಿಂತುಕೊಂಡು ನೋಡಿದೆ.”

ಗಂಗಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಾರೂ ಅವಳ ಹಿಂದೆ ಹೋಗಲಿಲ್ಲ.

“ಒಳಗೆ ಎಂತ ಹೇಳಿದಳು ಅವಳು?” ವಸುಮತಿ ಕೇಳಿದಳು.

“‘ಯಾಕೆ ಹೀಗೆ ಮಾಡಿದಿರಿ ಮಾಸ್ಟ್ರೇ, ಕಾಲನಿಯ ಬಾವಿಗಳೇ ಸಾಕಿತ್ತು’ ಅಂತ. ಪಾಪದ ಹುಡುಗಿ.” ಮಾಸ್ಟ್ರು ತಲೆಯಾಡಿಸಿದರು. “ಕಾಲನಿಯ ಬಾವಿ ಯಾರಿಗೆ ಬೇಕು ಮೇಡಂ?”

*

ತಡೆಯಾಜ್ಞೆ ಬಿದ್ದು ಹೋಯಿತು. ಆಧಾರವೇ ಸುಳ್ಳಾದ ಮೇಲೆ ಉಳಿಯುವುದು ಹೇಗೆ? ಫಸಲ್‌ನ ಲಾರಿಗಳು ಮತ್ತೆ ಕಡಲ ಬದಿಗೆ ಓಡತೊಡಗಿದವು. ಸಾಕ್ಷಿ ಹೇಳಲು ಠಾಣೆಗೆ ಬಂದ ಅಮ್ಮು ಹೆಬ್ಬೆಟ್ಟು ಒತ್ತಿ, ಹೊರಡದೆ ನಿಂತಳು.

“ನಮ್ಮ ಬಾವಿಯ ವಿಷಯ ಇನ್ನು ಯಾರಾದ್ರೂ ನಂಬ್ತಾರಾ ಮೇಡಂ?”

ಅಂದು ಮಧ್ಯಾಹ್ನ ವಸುಮತಿ ಚಾರ್ಜ್‌ಶೀಟಿಗೆ ಒಂದು ಪ್ಯಾರಾ ಸೇರಿಸಿದಳು. ಮೃತೆ ಅಳೆದು ಬರೆದಿಟ್ಟ ಕಾಲನಿಯ ಬಾವಿಗಳು, ಅವುಗಳಲ್ಲಿ ಉಳಿದ ನೀರು, ಆ ಅಳತೆ ನಿಜವೆಂದು ತಾನೇ ಕಂಡು ದೃಢಪಡಿಸಿದ್ದು.

ಮೇಲಧಿಕಾರಿ ಅದಕ್ಕೆ ಕೆಂಪು ಗೀಟು ಎಳೆದು ಕಳಿಸಿದರು. ಕೊಲೆ ಕೇಸಿಗೂ ಇದಕ್ಕೂ ಎಂತ ಸಂಬಂಧ ಎಂದು ಬದಿಯಲ್ಲಿ ಬರೆದಿದ್ದರು.

“ಆ ಪ್ಯಾರಾ ತೆಗೀಲಾ ಮೇಡಂ?” ಕಂಪ್ಯೂಟರಿನ ಎದುರು ಕೂತ ಅಶ್ಕರ್ ಕೇಳಿದ.

ವಸುಮತಿ ಕಣ್ಣುಜ್ಜಿಕೊಂಡಳು. ತುಂಬ ದಣಿವಾಗಿತ್ತು.

“ಬೇಡ ಮಾರಾಯ,” ಎಂದಳು. “ಕೊಲೆಗೆ ಕಾರಣ ಅಂತ ತಲೆಬರಹ ಹಾಕು. ಅದರ ಕೆಳಗೆ ಅದನ್ನೇ ಪುನಃ ಟೈಪ್ ಮಾಡು.”