ನಕ್ಷೆಯ ಮೂಲೆಯಲ್ಲಿ ಒಂದು ಸಹಿ

“ಈ ದಾರೀಲೆ ಹೋದ್ರ ಅಷ್ಟೂ ಮಂದಿ ಹಳ್ಳದಾಗ ಹೊಕ್ಕೊಂಡು ಸಾಯ್ತೀರಿ!”

ಗೋಕಾಕಿನ ಕರದಂಟು ಅಂಗಡಿಯ ಮಾಳಿಗೆ ಮೇಲಿನ ಆ ಕೋಣೆಯಲ್ಲಿ ಒಮ್ಮೆಲೇ ಮಾತು ನಿಂತಿತು. ಮೇಜಿನ ಮೇಲೆ ಹರಡಿದ್ದ ಹಿಮಾಲಯದ ನಕ್ಷೆಯಿಂದ ಆರು ತಲೆಗಳು ಒಟ್ಟಿಗೆ ಮೇಲೆದ್ದವು.

ಬಾಗಿಲಲ್ಲಿ ಸಂಘಮಿತ್ರಾ ನಿಂತಿದ್ದಳು. ಇಪ್ಪತ್ತೇಳು ವರ್ಷ. ಊರು ಮಸಗುಪ್ಪಿ, ಕೆಲಸ ಮೂಡಲಗಿ ತಾಲ್ಲೂಕಿನಲ್ಲಿ ಹೊಲ ಅಳೆಯುವ ಸರ್ವೇಯರ್. ಹೋದ ವರ್ಷ ರಜೆ ಹಾಕಿ ಹಿಮಾಚಲಕ್ಕೆ ಹೋಗಿ ಪರ್ವತಾರೋಹಣದ ತರಬೇತಿಯನ್ನೂ ಮುಗಿಸಿ ಬಂದಿದ್ದಳು. ಬಂಡೆ ಹತ್ತುವವರ ಈ ಬಳಗ ಮೇ ತಿಂಗಳಲ್ಲಿ ಶಿಖರ ಹತ್ತಲು ಹೊರಟಿದೆ, ತಂಡದಲ್ಲಿ ಏಳನೆಯ ಜಾಗ ಖಾಲಿ ಇದೆ ಎಂದು ಕೇಳಿ ಅರ್ಜಿ ಹಿಡಿದು ಬಂದಿದ್ದಳು.

ಬಂದವಳಿಗೆ ಸಿಕ್ಕ ಸ್ವಾಗತವೇನು? ಕೆಂಪು ಪೆನ್ನು ಹಿಡಿದಿದ್ದ ಎತ್ತರದ ಯುವಕನೊಬ್ಬ ತಲೆ ಕೂಡ ಎತ್ತದೆ, “ಫಾರ್ಮ್ ಅಲ್ಲೇ ಇಟ್ಟ ಹೋಗ್ರಿ ಅಕ್ಕಾರ. ನಾವು ಮಹತ್ವದ ಕೆಲಸದಾಗ ಅದೀವಿ” ಅಂದಿದ್ದ!

ಅಷ್ಟರಲ್ಲಿ ಅವಳ ಕಣ್ಣು ಅವನ ಮಹತ್ವದ ಕೆಲಸದ ಮೇಲೆ ಬಿದ್ದಿತ್ತು.

“ಹಳ್ಳ?” ಅವನು ಅರ್ಜಿಯ ಮೇಲಿನ ಊರ ಹೆಸರು ಓದಿ ನಕ್ಕ. ಅವನ ಹೆಸರು ಬಾಳೇಶ, ನಾಗನೂರಿನ ಕಬ್ಬು ಬೆಳೆಯುವ ಮನೆತನದವನು. “ಹಿಮಾಲಯದಾಗ ಎಲ್ಲಿ ಹಳ್ಳ ಬಂತ್ರಿ? ಇದೇನು ಮಸಗುಪ್ಪಿ ಹೊಲ ಅನ್ಕೊಂಡ್ರೇನು?”

ಉಳಿದವರೂ ನಕ್ಕರು. ಸಂಘಮಿತ್ರಾಳ ಕಿವಿ ಬಿಸಿಯಾಯಿತು.

‘ನಗ್ರಿ... ನಗ್ರಿ! ಹಲ್ಲು ಎಷ್ಟದಾವ ಅಂತ ಎಣಿಸಾಕ ನನಗ ಅನುಕೂಲ ಆಗ್ತೈತಿ.’

ಅವಳು ನೇರವಾಗಿ ಮೇಜಿನ ಬಳಿಗೆ ಬಂದು ನಕ್ಷೆಯ ಮೇಲೆ ಬೆರಳಿಟ್ಟಳು.

“ನೀವು ಹೊಲದ ನಕ್ಷಿ ಓದಿದಂಗ ಇದನ್ನ ಓದೀರಿ. ಹೊಲದ ನಕ್ಷ್ಯಾಗ ಗೆರಿ ಅಂದ್ರ ಬದು. ಅದರ ಮ್ಯಾಲೆ ನಡೀಬಹುದು. ಇಲ್ಲಿ ಗೆರಿ ಬದು ಅಲ್ರಿ, ಎತ್ತರದ ಅಳತಿ. ಈ ಗೆರಿಗೋಳ ಬಾಗಿದ ತುದಿ, ಅದರ ಮೂಗು, ಎತ್ತ ಐತಿ ಹೇಳ್ರಿ?”

“...ಶಿಖರದ ಕಡೆ.”

“ಮೂಗು ಮ್ಯಾಲೆ ಇದ್ರ ಅದು ತಗ್ಗು, ನೀರು ಇಳಿಯೂ ದಾರಿ. ಮೂಗು ಕೆಳಗ ಇದ್ರ ಏಣು, ಗುಡ್ಡದ ಬೆನ್ನು. ನೀರು ಇಳಿಯೂ ದಾರ್ಯಾಗ ಹಿಮಾನೂ ಜಾರಿ ಬರ್ತೈತಿ. ನಿಮ್ಮ ಕೆಂಪ ಗೆರಿ ಬರೋಬ್ಬರಿ ಅದರ ಬಾಯಾಗ ಐತಿ!”

ನಗು ಅಲ್ಲಿಗೇ ನಿಂತಿತು. ಬಾಳೇಶನ ಮುಖದ ರಕ್ತವೆಲ್ಲ ಇಳಿದುಹೋಯಿತು. ಅಷ್ಟೊಂದು ಹೆದರಿಕೆ ಏಕೆಂದು ಅವಳಿಗೆ ಆಗ ಗೊತ್ತಾಗಲಿಲ್ಲ.

ಚೀಲದಿಂದ ಪೆನ್ಸಿಲ್ ತೆಗೆದು, ಪಕ್ಕದ ಏಣಿನ ನೆತ್ತಿಯ ಮೇಲೆ ಹೊಸ ದಾರಿಯನ್ನು ಬರೆದಳು. ಬರೆದು ಮುಗಿಸಿ, ಕೆಳಗಿನ ಮೂಲೆಯಲ್ಲಿ ‘ಸಂಘಮಿತ್ರಾ, ಮಸಗುಪ್ಪಿ’ ಎಂದು ಸಹಿ ಹಾಕಿ ತಾರೀಖು ನಮೂದಿಸಿದಳು.

“ಸಹಿ ಯಾಕ್ರಿ?” ಬಾಳೇಶನ ದನಿ ಈಗ ಮೆತ್ತಗಾಗಿತ್ತು.

“ನಕ್ಷಿ ಬರದವ್ರು ಸಹಿ ಹಾಕ್ಲೇಬೇಕು. ನಾಳೆ ತಪ್ಪಾದ್ರ ಯಾರನ್ನ ಹಿಡದು ಕೇಳ್ಬೇಕು ಅಂತ ಗೊತ್ತಿರಬೇಕಲ್ರಿ? ಬಾಜೂ ಹೊಲದವ್ರೂ ನೋಡಿ, ಒಪ್ಪಿ, ಸಹಿ ಹಾಕ್ಬೇಕು. ಅಲ್ಲೀತನಕ ಅದು ನಕ್ಷಿ ಅಲ್ಲ, ಬರೇ ಹಾಳಿ!”

ಹಾಗೆಂದು ತಿರುಗಿಯೂ ನೋಡದೆ ಮೆಟ್ಟಿಲಿಳಿದಳು. ಬಾಳೇಶ ಮಾತ್ರ ಕಿಟಕಿಯಿಂದ ಅವಳ ಸ್ಕೂಟಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತ.

ಆಮೇಲಿನ ಆರು ಭಾನುವಾರಗಳನ್ನು ಏನೆಂದು ಹೇಳುವುದು! ಏಳನೆಯ ಜಾಗಕ್ಕೆ ಅರ್ಜಿ ಕೊಟ್ಟಿದ್ದ ಅವಳೂ ಸುಶಾಂತನೂ ಬಳಗದ ಜೊತೆ ಅಭ್ಯಾಸಕ್ಕೆ ಬರುತ್ತಿದ್ದರು. ಗೋಕಾಕ ಜಲಪಾತದ ಬದಿಯ ಬಂಡೆಗಳ ಮೇಲೆ ಅವಳು ಹತ್ತುವಾಗ ಕೆಳಗೆ ಹಗ್ಗ ಹಿಡಿದವನು ಬಾಳೇಶನೇ. ಅವಳ ಸೊಂಟದ ಗಂಟನ್ನು ಎರಡು ಸಲ ನೋಡಿ, ತೃಪ್ತಿಯಾಗದೆ ಮೂರನೆಯ ಸಲವೂ ನೋಡುತ್ತಿದ್ದ.

“ಗಂಟೇನು ಓಡಿ ಹೋಗ್ತೈತೇನ್ರಿ?” ಎಂದು ಅವಳು ರೇಗುತ್ತಿದ್ದಳು.

“ಹೋಗಬಾರದಲ್ರಿ...” ಅವನು ತಲೆ ತಗ್ಗಿಸುತ್ತಿದ್ದ.

ಒಮ್ಮೆ ನಾಗನೂರಿನಲ್ಲಿ ಅವಳು ಹೊಲ ಅಳೆಯುತ್ತಿದ್ದಾಗ ಅಳತೆಯ ಸರಪಳಿಯ ಇನ್ನೊಂದು ತುದಿ ಹಿಡಿಯಲು ತಾನಾಗಿಯೇ ಬಂದ. ಆಳೆತ್ತರದ ಕಬ್ಬಿನಲ್ಲಿ ಒಬ್ಬರಿಗೊಬ್ಬರು ಕಾಣುವುದಿಲ್ಲ, ಕೂಗಿದರೂ ಗರಿಗಳ ಸದ್ದಿನಲ್ಲಿ ಕೇಳುವುದಿಲ್ಲ. ಸರಪಳಿಯನ್ನು ಒಂದು ಸಲ ಜಗ್ಗಿದರೆ ‘ನಿಲ್ಲು’, ಎರಡು ಸಲ ಜಗ್ಗಿದರೆ ‘ಬಾ’. ಅಂದು ಅಳತೆ ಮುಗಿದ ಮೇಲೂ ಅವಳು ಎರಡು ಸಲ ಜಗ್ಗಿದಳು. ಅವನು ಗರಿ ಸರಿಸಿಕೊಂಡು, ಬೆವರು ಒರೆಸಿಕೊಳ್ಳುತ್ತ ಎದುರು ಬಂದು ನಿಂತ.

‘ಹೇಳ್ತಾನೇನು... ಇವತ್ತ ಹೇಳ್ತಾನೇನು?’

ಅವನು ಹೇಳಲಿಲ್ಲ. ಆದರೆ ಪ್ರೀತಿಗೂ ಕೆಮ್ಮಿಗೂ ಮುಚ್ಚಳವಿಲ್ಲ, ಗೊತ್ತಾಗಬೇಕಾದದ್ದು ಗೊತ್ತಾಗಿತ್ತು.

ತಂಡದ ಪಟ್ಟಿ ಓದುವ ದಿನ ಬಂತು. ತಂಡದ ನಾಯಕ, ನಿವೃತ್ತ ಸೈನಿಕ ಹಣಮಂತ ಸರ್ ಅವರ ಮನೆ ಹುಕ್ಕೇರಿಯಲ್ಲಿ. ಕಾಲುನೋವಿನಿಂದ ಅವರು ಗೋಕಾಕಕ್ಕೆ ಬರುತ್ತಿರಲಿಲ್ಲ, ಎಲ್ಲ ಸುದ್ದಿಯೂ ಬಾಳೇಶನ ಮೂಲಕವೇ ತಲುಪುತ್ತಿತ್ತು. ಅಂಗಳದಲ್ಲಿ ಎಲ್ಲರೂ ಕುಳಿತರು. ಗೋಡೆಗೆ ಅದೇ ನಕ್ಷೆಯನ್ನು ತೂಗುಹಾಕಿದ್ದರು.

“ಹದಿನೆಂಟ ವರ್ಷ ಮಿಲಿಟ್ರಿಯಾಗ ನಕ್ಷಿ ನೋಡೇನಿ,” ಅಂದರು ಹಣಮಂತ ಸರ್. “ಬಾಳೇಶ ಈ ಏಣು ಹುಡುಕ್ಯಾನಲ್ಲ, ಇಷ್ಟ ಚೊಲೊ ದಾರಿ ಕಂಡಿಲ್ಲ! ಶಾಬಾಶ್! ಇನ್ನ ಏಳನೇ ಜಾಗಾ... ಸುಶಾಂತಗ.”

ಬಾಳೇಶ ಹುಡುಕಿದ್ದಾ?!

ಸಂಘಮಿತ್ರಾ ಎದ್ದು ನಕ್ಷೆಯ ಹತ್ತಿರ ಹೋದಳು. ಕೆಳಗಿನ ಮೂಲೆಯಲ್ಲಿ ಕಾಗದದ ಸಿಪ್ಪೆ ಎದ್ದಿತ್ತು. ರಬ್ಬರಿನಿಂದ ಉಜ್ಜಿ ಉಜ್ಜಿ ಅವಳ ಹೆಸರನ್ನು ಅಳಿಸಲಾಗಿತ್ತು.

ಅವಳು ಬಾಳೇಶನನ್ನು ನೋಡಿದಳು. ಅವನು ನೆಲ ನೋಡಿದ. ಅಂದು ಕೋಣೆಯಲ್ಲಿದ್ದ ಉಳಿದ ಐವರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಬಂಡೆ ಹತ್ತುವ ಗಂಡಸರಂತೆ ಇವರು! ಒಬ್ಬನಿಗೂ ಬಾಯಿ ಇರಲಿಲ್ಲ. ತನ್ನ ಹೆಸರಿಗೆ ತಾನೇ ಸಾಕ್ಷಿ ಹೇಳಿಕೊಳ್ಳುವ ಗತಿ ಬಂತಲ್ಲ ಎಂಬ ಸಿಟ್ಟಿಗೆ ಅವಳು ಸರಸರನೆ ಹೊರಗೆ ನಡೆದಳು.

ಬಾಳೇಶ ಹಿಂದೆಯೇ ಓಡಿಬಂದ.

“ಸಂಘಮಿತ್ರಾ, ನಿಲ್ಲ್ರಿ...”

“ಯಾರು ಅಳಿಸಿದ್ರು?”

“...ನಾ.”

“ಯಾಕ?”

ಅವನು ಬಾಯಿ ತೆರೆದ.

“ನಾನ ಹೇಳ್ತೇನಿ ಬಿಡ್ರಿ! ನನ್ನ ಹೆಸರು ಓದಿದ ಕೂಡ್ಲೇ ನಾ ಯಾವ ಓಣಿಯಾಕಿ ಅಂತ ಮಂದಿಗಿ ತಿಳೀತೈತಿ. ಹೊಲ ಅಳಿಯಾಕ ಹೋದಾಗ ನೀರಿನ ತಂಬಿಗಿ ದೂರ ಇಟ್ಟವ್ರನ್ನ ಕಂಡೇನಿ. ನನ್ನ ಅಳತಿ ಬೇಕು, ನನ್ನ ಹೆಸರು ಬ್ಯಾಡ! ಬಸವಣ್ಣನ ಫೋಟೋಕ್ಕ ದಿನಾ ಕೈ ಮುಗಿಯೂ ಮನ್ಯಾಗ ಹುಟ್ಟಿದಾಂವ... ನೀವು ಬ್ಯಾರೆ ಅನ್ಕೊಂಡಿದ್ದೆ!”

“ಅದಲ್ಲ! ಆಣಿ ಮಾಡಿ ಹೇಳ್ತೇನಿ, ಖರೇನ ಅದಲ್ಲ...”

“ಮತ್ತೇನು?”

ಅವನು ತಿರುಗಿ ಅಂಗಳದಲ್ಲಿದ್ದವರ ಕಡೆ ನೋಡಿದ. ಅವಳು ಸ್ಕೂಟಿ ಏರಿ ಹೊರಟುಹೋದಳು. ಮೂಡಲಗಿ ರಸ್ತೆಯುದ್ದಕ್ಕೂ ಹೆಲ್ಮೆಟ್ಟಿನೊಳಗೇ ಅತ್ತಳು. ಅತ್ತದ್ದಕ್ಕೂ ಅವಳಿಗೆ ಸಿಟ್ಟೇ ಬಂತು.

ಮನೆಯಲ್ಲಿ ತಾಯಿ ಕೆಂಪವ್ವ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಮಗಳು ಹೇಳಿದ್ದನ್ನೆಲ್ಲ ಕೇಳಿ, ಕೈಯೊಳಗಿನ ಕಟ್ಟನ್ನು ಕೆಳಗಿಟ್ಟಳು.

“ಅಳಿಸಿದಾಂವ ಅಂವ. ಕಣ್ಣೀರು ನಿಂದ್ಯಾಕವಾ? ಅಂವಗ ನಾಚಿಕಿ ಇದ್ರ ತಾನ ಬಂದು ಬರೀತಾನ. ಇಲ್ಲಂದ್ರ ಅಂಥಾವನ ಕೈಯಾಗ ಹಗ್ಗ ಕೊಟ್ಟು ಗುಡ್ಡಾ ಹತ್ತಾಕ ನೀ ಏನು ಹುಚ್ಚಿ?”

ನಾಲ್ಕು ದಿನ ಕಳೆದವು. ಐದನೆಯ ದಿನ ಸಂಘಮಿತ್ರಾ ಮೂಡಲಗಿಯ ಹೊರಗೆ ಹೊಲವೊಂದನ್ನು ಅಳೆಯುತ್ತಿದ್ದಳು. ಅಕ್ಕಪಕ್ಕದ ಹೊಲದವರು ಸಹಿ ಹಾಕಲು ಬದುವಿನ ಮೇಲೆ ಕುಳಿತಿದ್ದರು. ಅಲ್ಲಿಗೇ ಬಂದ ಬಾಳೇಶ, ನಕ್ಷೆಯ ಸುರುಳಿ ಹಿಡಿದು.

“ಏನ ಹೇಳೂದಿದ್ರೂ ಇಲ್ಲಿ ಬ್ಯಾಡ. ಇವ್ರೆಲ್ಲಾ ಅದಾರ...” ಎಂದಳು ಅವಳು, ತಲೆ ಎತ್ತದೆ.

“ಎಲ್ಲಾರ ಮುಂದ ಹೇಳಾಕ ಬಂದೇನಿ. ನಾನ ಹೇಳ್ತೇನಿ, ನೀವು ಕೇಳ್ರಿ.”

ಅವನ ದನಿ ಒಡೆಯಿತು. “ಲಖನ ಅಂತ ನನ್ನ ಗೆಳೆಯ ಇದ್ದ. ಮೂರ ವರ್ಷದ ಹಿಂದ ಅಂವ ಅಂಥಾ ತಗ್ಗಿನ್ಯಾಗ ಹತ್ತೂ ಮುಂದ ಹಿಮ ಜಾರಿತು. ನಾ ಕೆಳಗ ನಿಂತು ನೋಡಾಕತ್ತಿದ್ದೆ. ಅಂವ ಸಿಗಲೇ ಇಲ್ಲ. ಅಂಥಾ ತಗ್ಗು ತಪ್ಪಸ್ಬೇಕಂತನ ನಾ ಆ ಕೆಂಪ ಗೆರಿ ಎಳದಿದ್ದು... ಎಳದಿದ್ದು ಮತ್ತ ಅದರೊಳಗ! ನೀವು ಬರದಿದ್ರ ಆರೂ ಮಂದಿ ಹೋಗ್ತಿದ್ವಿ.”

ಬದುವಿನ ಮೇಲಿದ್ದವರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

“ನಿಮ್ಮ ಸಹಿ ನೋಡಿದ್ರ ಸರ್ ನಿಮ್ಮನ್ನ ಆರಿಸೇ ಆರಿಸ್ತಿದ್ರು. ನಿಮ್ಮ ಮ್ಯಾಲೂ ಹಿಮ ಬಿದ್ರ ಅಂತ... ಹೆದರಿ ಅಳಿಸಿದೆ. ನಿಮ್ಮನ್ನ ಕಳಕೊಳ್ಳೂದು ನನ್ನ ಕೈಲೆ ಆಗಂಗಿಲ್ಲ ಸಂಘಮಿತ್ರಾ. ಅಷ್ಟ ಪ್ರೀತಿ...”

“ಪ್ರೀತಿ?!” ಅವಳು ಸರಪಳಿಯನ್ನು ನೆಲಕ್ಕೆ ಎಸೆದಳು. “ನನ್ನ ಹೆಸರು ಅಳಿಸೂದು ಪ್ರೀತಿ ಏನ್ರಿ? ಯಾವ ಗುಡ್ಡಾ ಹತ್ತಬೇಕು ಅಂತ ಆರಿಸೂ ಹಕ್ಕ ನಂದು. ಹೆದರಿಕಿ ಇದ್ರ ನನ್ನ ಮುಂದ ಹೇಳ್ಬೇಕಿತ್ತು! ಜಾತಿಗಿ ಅಳಿಸಿದ್ರೂ ಅಷ್ಟ, ಪ್ರೀತಿಗಿ ಅಳಿಸಿದ್ರೂ ಅಷ್ಟ. ಹೋದದ್ದು ನನ್ನ ಹೆಸರು!”

ಅವನು ಒಪ್ಪಿ ತಲೆಯಾಡಿಸಿದ.

“ನಿನ್ನೆ ಸರ್ ಮುಂದ, ತಂಡದ ಮುಂದ ಎಲ್ಲಾ ಒಪ್ಪಕೊಂಡೇನಿ. ದಾರಿ ವಿಷಯದಾಗ ಸುಳ್ಳ ಹೇಳಿದಾಂವ ಹಗ್ಗಕ್ಕ ಲಾಯಕ್ ಅಲ್ಲ ಅಂತ ಸರ್ ನನ್ನ ತೆಗದ್ರು. ಆ ಜಾಗಾ ನಿಮ್ಗ.”

“ನಿಮ್ಮ ಜಾಗದ ಭಿಕ್ಷಾ ನನಗ ಬ್ಯಾಡ!”

“ನಂದಲ್ರಿ ಅದು. ಕೇಳ್ರಿ...” ಅವನು ಫೋನ್ ಮುಂದೆ ಹಿಡಿದ. ಅತ್ತ ಹಣಮಂತ ಸರ್ ಕಾಯುತ್ತಿದ್ದರು.

“ತಂಗೀ, ಅಂವ ಹೋದದ್ದು ಅವನ ತಪ್ಪಿಗಿ. ನೀ ಬರೂದು ನಿನ್ನ ನಕ್ಷಿಗಿ. ಎರಡೂ ಕೂಡಸಬ್ಯಾಡ. ನಾನೂ ಕೇಳದ ಶಾಬಾಶ್ ಅಂದ್ನಿ, ಅದು ನನ್ನ ತಪ್ಪು. ದಾರಿ ಓದಿದಾಕಿನ ಮುಂದ ನಡೀಬೇಕು. ಬರ್ತೀಯೇನು?”

ಅವಳ ಕಣ್ಣು ತುಂಬಿತು. “ಬರ್ತೇನಿ ಸರ್.”

ಬಾಳೇಶ ನಕ್ಷೆಯನ್ನು ಅವಳ ಕೈಗಿತ್ತು, ಮತ್ತೇನನ್ನೂ ಕೇಳದೆ ಹೊರಟುಹೋದ.

ಮೇ ಕಳೆದು ಜೂನ್ ಬಂತು. ಹಿಮಾಲಯದಿಂದ ತಂಡ ಮರಳಿದ ದಿನ ಘಟಪ್ರಭಾ ಸ್ಟೇಷನ್ನಿನಲ್ಲಿ ಹಾರ ಹಿಡಿದ ಜನ ತುಂಬಿದ್ದರು. ಕೆಂಪವ್ವ ಎಲ್ಲರಿಗಿಂತ ಮುಂದಿದ್ದಳು. ಬಾಳೇಶ ಎಲ್ಲರಿಗಿಂತ ಹಿಂದೆ, ನೀರಿನ ನಲ್ಲಿಯ ಪಕ್ಕದಲ್ಲಿ ನಿಂತಿದ್ದ. ಇಪ್ಪತ್ತಾರು ದಿನ ಅವನು ಒಂದೇ ಒಂದು ಫೋನನ್ನೂ ಮಾಡಿರಲಿಲ್ಲ. ದಿನಾ ಸಂಜೆ ಮಸಗುಪ್ಪಿಗೆ ಹೋಗಿ, ಹಿಮಾಲಯದಲ್ಲಿ ಹವಾಮಾನ ಹೇಗಿದೆ ಎಂದು ಕೆಂಪವ್ವನಿಗೆ ಓದಿ ಹೇಳಿ ಬರುತ್ತಿದ್ದ. ಆಕೆ ಕೊಟ್ಟ ನೀರು ಕುಡಿದು, ರೊಟ್ಟಿ ಉಂಡು ಬರುತ್ತಿದ್ದ. ತಾಯಿ ಇದನ್ನೆಲ್ಲ ಮಗಳಿಗೆ ಫೋನಿನಲ್ಲಿ ಹೇಳದೆ ಬಿಟ್ಟಿರಲಿಲ್ಲ.

ಸಂಘಮಿತ್ರಾ ರೈಲಿನಿಂದ ಇಳಿದಳು. ಮೂಗಿನ ಮೇಲೆ ಚರ್ಮ ಸುಲಿದಿತ್ತು, ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು. ಅವ್ವನನ್ನು ಅಪ್ಪಿ, ಹಾರಗಳನ್ನು ದಾಟಿ, ನೇರವಾಗಿ ನಲ್ಲಿಯ ಹತ್ತಿರ ಬಂದಳು.

“ಏಣು ಹೆಂಗಿತ್ರಿ?” ಅವನು ಕೇಳಿದ.

“ನಾ ಬರದಂಗ ಇತ್ತು. ಬಾಜೂ ತಗ್ಗಿನ್ಯಾಗ ಎರಡ ಸಲ ಹಿಮ ಜಾರಿತು. ನಾವು ಏಣಿನ ಮ್ಯಾಲೆ ನಿಂತು ನೋಡಿದ್ವಿ...” ಅವಳು ಚೀಲದಿಂದ ನಕ್ಷೆಯ ಸುರುಳಿ ತೆಗೆದಳು. “ಶಿಖರದ ಮ್ಯಾಲೆ ಲಖನನ ಹೆಸರು ಕೂಗಿ ಹೇಳಿದೆ.”

ಬಾಳೇಶ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಅವಳು ನಕ್ಷೆ ಬಿಡಿಸಿದಳು, ಅವನು ಒಂದು ತುದಿ ಹಿಡಿದ. ಸಿಪ್ಪೆ ಎದ್ದಿದ್ದ ಅದೇ ಮೂಲೆಯ ಮೇಲೆ ಅವಳೇ ಮತ್ತೆ ಹಾಕಿದ್ದ ಸಹಿ ಈಗ ಕಾಣುತ್ತಿತ್ತು. ಅದರ ಪಕ್ಕ ಖಾಲಿ ಜಾಗ.

“ಸಿಟ್ಟು ಇನ್ನೂ ಐತ್ರಿ,” ಎಂದಳು.

“ಇರ್ಲಿ. ಹೋಗೂತನಕ ಕಾಯ್ತೇನಿ.”

“ನಿಂತಲ್ಲೇ ಕಾಯೂದು ಬ್ಯಾಡ.” ಅವನು ಹಿಡಿದಿದ್ದ ನಕ್ಷೆಯ ತುದಿಯನ್ನು ಅವಳು ಮೆಲ್ಲಗೆ ಎರಡು ಸಲ ಜಗ್ಗಿದಳು. “ಬಾಜೂದವ್ರ ಸಹಿ ಬಾಕಿ ಐತಿ. ನೋಡಿ, ಒಪ್ಪಿಗಿ ಇದ್ರ ಹಾಕ್ರಿ.”

ಅವನ ಮುಖ ಅರಳಿತು. ಅವಸರದಲ್ಲಿ ಅವಳ ಚೀಲದಿಂದ ಪೆನ್ಸಿಲ್ ಎಳೆದುಕೊಂಡ.

“ಪೆನ್ಸಿಲ್ ಅಲ್ಲೇ ಇಡ್ರಿ!” ಅವಳು ಪೆನ್ನು ತೆಗೆದು ಅವನ ಕೈಗಿಟ್ಟಳು. “ಪೆನ್ನಿಲೆ ಹಾಕ್ರಿ. ಮತ್ತ ಅಳಿಸಿಗಿಳಿಸೀರಿ!”