ಬಲಗಾಲಿನ ಒಂದೇ ಚಪ್ಪಲಿ

ಒಂದು ಜೊತೆ ಹವಾಯಿ ಚಪ್ಪಲಿಗೆ ನೂರಿಪ್ಪತ್ತು ರೂಪಾಯಿ. ಡಾಂಬರು ರಸ್ತೆ ಹೆಚ್ಚು ಕಾಯದಂತೆ ಬಳಿಯುವ ಬಿಳಿ ಲೇಪನಕ್ಕೆ ಚದರ ಅಡಿಗೆ ಮೂವತ್ತು. ಅಶ್ವತ್ಥಮ್ಮನ ಎಡಪಾದಕ್ಕೆ ಮಾತ್ರ ಯಾರೂ ಬೆಲೆ ಹೇಳಲಿಲ್ಲ. ಕೋಲಾರದ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರು, ಅಷ್ಟೆ.

ಮುಳಬಾಗಿಲಿನ ಗುಡಿ ರಸ್ತೆ. ಮಟಮಟ ಮಧ್ಯಾಹ್ನ. ಅಶ್ವತ್ಥಮ್ಮನ ಮಗಳು ಶ್ರೀವಾಣಿ ಲೇಪನದ ಗಾಡಿಗೆ ಅಡ್ಡ ಬಂದು ನಿಂತಳು.

"ಇಲ್ಲಿ ಕದಿರೇಶ್ ಅಂದ್ರೆ ಯಾರು?"

ರಸ್ತೆಯ ಬಿಸಿ ಅಳೆಯುತ್ತಿದ್ದ ಯುವಕ ತಿರುಗಿದ. "ನಾನೇ. ಏನ್ ಮೇಡಂ?"

ಅವಳು ಮೊಬೈಲನ್ನು ಅವನ ಮುಖಕ್ಕೆ ಹಿಡಿದಳು. ಊರಿನ ವಾಟ್ಸಾಪ್ ಗುಂಪಿನಲ್ಲಿ ಅವನ ಹೆಸರು ಸಮೇತ ಬಂದ ಫೋಟೊ. ಕದಿರೇಶ್ ಬಗ್ಗಿ ಕಪ್ಪು ರಸ್ತೆಗೆ ಬಿಸಿ ಅಳೆಯುವ ಯಂತ್ರ ಹಿಡಿದಿದ್ದಾನೆ... ಅವನ ಬೆನ್ನ ಹಿಂದೆಯೇ ಬರಿಗಾಲಲ್ಲಿ ಹೋಗುತ್ತಿದ್ದಾಳೆ ಅಶ್ವತ್ಥಮ್ಮ!

"ಎಷ್ಟಿತ್ತು ಅವತ್ತು?"

"ಅರವತ್ತೆರಡು ಡಿಗ್ರಿ..."

"ಅದು ಕಾಣಿಸ್ತು, ಹಿಂದೆ ಬೇಯ್ತಿದ್ದ ಮುದುಕಿ ಕಾಣಿಸ್ಲಿಲ್ವಾ? ನಮ್ಮಮ್ಮನಿಗೆ ಸಕ್ಕರೆ ಕಾಯ್ಲೆ ರೀ. ಪಾದಕ್ಕೆ ಸ್ಪರ್ಶಾನೇ ಇಲ್ಲ. ಬೊಬ್ಬೆ ಎದ್ದಿದ್ದೂ ಗೊತ್ತಾಗ್ಲಿಲ್ಲ, ಕೊಳೆತಿದ್ದೂ ಗೊತ್ತಾಗ್ಲಿಲ್ಲ!"

ಅವನು ಯಂತ್ರ ಕೆಳಗಿಟ್ಟ. ತಲೆ ತಗ್ಗಿಸಿದ.

"ಈಗ... ಹೇಗಿದ್ದಾರೆ?"

"ಒಂದು ಪಾದ ಇಲ್ದೋರು ಹೇಗಿರ್ತಾರೋ ಹಾಗೆ!"

ಅವತ್ತು ಸಂಜೆ, ಅಮ್ಮ ಗುಡಿಗೆ ಒಯ್ಯುತ್ತಿದ್ದ ಬಟ್ಟೆ ಚೀಲವನ್ನು ಒಗೆಯಲು ಕೊಡವಿದಾಗ ಒಂದು ಜೊತೆ ಚಪ್ಪಲಿ ಬಿದ್ದವು. ಬಸ್ ನಿಲ್ದಾಣದ ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ಶ್ರೀವಾಣಿಗೆ ನೋಡಿದರೆ ಸಾಕು. ಗಂಡಸಿನವು, ಒಂಬತ್ತನೇ ನಂಬರು. ಪಟ್ಟಿಯ ತುಂಬ ಬಿಳಿ ಲೇಪನದ ಕಲೆ.

"ಅಮ್ಮಾ... ಯಾರವು ಇವು?"

ಅಶ್ವತ್ಥಮ್ಮ ಗೋಡೆಯ ಕಡೆ ತಿರುಗಿದಳು.

"ಆ ರಸ್ತೆ ಹುಡುಗನ್ವು. ರಾಯಲ್ಪಾಡು ಕಡೆಯವ್ನಂತೆ, ತೆಲುಗು ಬೆರೆಸಿ ಮಾತಾಡ್ತಾನೆ. 'ಅಮ್ಮಾ, ಕಾಳ್ಳು ಕಾಲ್ತಾಯಿ, ಕಾಲು ಸುಡುತ್ತೆ' ಅಂತ ಹಿಂದಿಂದ ಓಡ್ಬಂದು, ತನ್ನ ಕಾಲಿಂದ್ಲೇ ಬಿಚ್ಚಿ ಕೊಟ್ಟ. ಬೇಡ ಅಂದ್ರೂ ಬಿಡ್ಲಿಲ್ಲ. ತಿರುವು ದಾಟಿದ್ಮೇಲೆ ಚೀಲಕ್ಕೆ ಹಾಕ್ಕೊಂಡೆ."

"ಯಾಕಮ್ಮಾ?"

"ಹರಕೆ ಕಣೇ. ನಿನ್ನ ಮದುವೆ ಆಗೋವರ್ಗೂ ಶನಿವಾರ ಬರಿಗಾಲಲ್ಲಿ ಬರ್ತೀನಿ ಅಂತ. ಹೇಳಿದ್ರೆ ನೀನು ಬಿಡ್ತಿದ್ಯಾ?"

ಶ್ರೀವಾಣಿ ಆ ಚಪ್ಪಲಿಗಳನ್ನೇ ನೋಡಿದಳು. ಊರಿಗೆಲ್ಲ ಚಪ್ಪಲಿ ತೊಡಿಸುವವಳು ನಾನು... ನನಗೋಸ್ಕರ ಅಮ್ಮ ಬರಿಗಾಲಲ್ಲಿ!

"ನಂಗೆ ಮದುವೇನೇ ಬೇಡ."

"ಬೇಡ ಅಂದ್ರೆ ನನ್ನ ಕಾಲು ಸುಮ್ನೆ ಹೋದಂಗೆ."

ಇದನ್ನು ಹೇಳುವಾಗ ಅಶ್ವತ್ಥಮ್ಮ ಅಳಲಿಲ್ಲ. ಮಗಳೇ ಅತ್ತಳು.

ಮರುದಿನ ಶ್ರೀವಾಣಿ ಚಪ್ಪಲಿಗಳನ್ನು ಕದಿರೇಶನ ಮುಂದೆ ಇಟ್ಟಳು.

"ನಿನ್ನೆ ಯಾಕೆ ಹೇಳ್ಲಿಲ್ಲ?"

"ಏನ್ ಹೇಳ್ಲಿ? ಕೊಟ್ಟೆ, ಆದ್ರೆ ಹಾಕ್ಕೊಂಡೇ ಹೋದ್ರಾ ಅಂತ ನೋಡ್ಲಿಲ್ಲ. ಮತ್ತೆ ಕೆಲಸಕ್ಕೆ ಬಗ್ಗಿದೆ." ಅವನು ಬೆಳ್ಳಗಾದ ರಸ್ತೆಯನ್ನು ತೋರಿಸಿದ. "ಇಲ್ಲೀಗ ಐವತ್ತೊಂದು. ಅದೂ ಸುಡುತ್ತೆ, ಸುಳ್ಳು ಹೇಳಲ್ಲ. ಗುಡಿವರ್ಗೂ ಬಳಿಯೋಣ ಅಂತ ಕೇಳ್ದೆ. ಪರೀಕ್ಷೆಗೆ ಅರ್ಧ ಸಾಕು ಅಂದ್ರು ಮೇಲಿನೋರು."

'ಇವನ ಮೇಲೆ ಕೂಗಾಡಿದೆನಲ್ಲಾ...' ಅವಳಿಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು.

ಆ ಬೇಸಿಗೆ ಪೂರ್ತಿ ಅಶ್ವತ್ಥಮ್ಮನನ್ನು ಬ್ಯಾಂಡೇಜು ಬದಲಿಸಲು ಕೋಲಾರಕ್ಕೆ ಕರೆದೊಯ್ದದ್ದು ಕದಿರೇಶನೇ. ಆಟೊದಿಂದ ಎತ್ತಿ ಇಳಿಸುವಾಗ ಅವಳು, "ಲೇ, ಮೆಲ್ಲಗೆ ಕಣೋ, ಇರೋದು ಒಂದೇ ಕಾಲು" ಅನ್ನುತ್ತಿದ್ದಳು. ಅವನಿಗೆ ನಗಲು ಆಗುತ್ತಿರಲಿಲ್ಲ. ಶ್ರೀವಾಣಿ ನೋಡುತ್ತಿದ್ದಳು. ದಿನದಿನಕ್ಕೆ ಅವಳ ಕಣ್ಣು ಅವನ ದಾರಿ ಕಾಯತೊಡಗಿತು... ಆದರೆ ಆಸೆ ಹುಟ್ಟಿದಾಗಲೆಲ್ಲ ಅಮ್ಮನ ಪಾದದ ಖಾಲಿ ಜಾಗ ಕಣ್ಣಿಗೆ ಬೀಳುತ್ತಿತ್ತು.

ಮಳೆ ಶುರುವಾದ ಮೇಲೆ ಒಂದು ದಿನ ಅವನು ಅಂಗಡಿಗೆ ಬಂದ.

"ಬಲಗಾಲಿಂದು ಒಂದೇ ಚಪ್ಪಲಿ ಬೇಕಿತ್ತು. ಆರನೇ ನಂಬರು."

ಅವಳು ಡಬ್ಬವೊಂದನ್ನು ಕೆಳಗಿಳಿಸಿದಳು. "ಯಾರಿಗೆ?"

"ನಮ್ಮತ್ತೆಗೆ... ಅಂತ ಹೇಳ್ಬಹುದಾ?"

ಅವಳು ಎಡಗಾಲಿನದನ್ನು ಡಬ್ಬದಲ್ಲೇ ಬಿಟ್ಟು, ಬಲಗಾಲಿನದನ್ನು ಒರೆಸಿ ಅವನ ಕೈಗಿಟ್ಟಳು. ಕಣ್ಣೀರು ಅದರ ಮೇಲೇ ಬಿತ್ತು.

"ಹೇಳಿ. ಹಾಗೇ... ಹರಕೆ ತೀರ್ತು ಅಂತಾನೂ ಹೇಳಿ. ಇನ್ನಾದ್ರೂ ಹಾಕ್ಕೊಳ್ಲಿ."

"ನೀವೂ ಬನ್ನಿ. ಈ ಸಲ ಹಾಕ್ಕೊಳ್ಳೋವರ್ಗೂ ನಿಂತು ನೋಡೋಣ."

ಅಶ್ವತ್ಥಮ್ಮನ ಎಡಪಾದ ಹೋಯಿತು. ಮಗಳಿಗೆ ಒಳ್ಳೆಯ ಗಂಡು ಸಿಕ್ಕಿದ. ಗುಡಿ ರಸ್ತೆಯ ಉಳಿದರ್ಧ ಇನ್ನೂ ಕಪ್ಪಗೇ ಇದೆ.